ಪ್ರಾಮಿಸ್ ಪದದ ಕಾಲಗಳು

ಬೀಡಿ ಕಟ್ಟುವ ಹೆಂಗಸರಿಗೆ ಶಾಹಿದಾ ಟೀಚರ್ ಸಂಜೆ ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ದಿನ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದರು.

“ಇವರಿಗೆ ಕಾಲಗಳೇ ಬರೋದಿಲ್ಲವಂತೆ. ಹಾಗಿದ್ದರೆ ಕ್ಲಾಸು ಇವತ್ತಿಗೇ ಬಂದ್.”

“ಪುಸ್ತಕಾನೇ ಇಲ್ಲ ಸರ್,” ಎಂದರು ಟೀಚರ್.

“ಪುಸ್ತಕ ಕಳಿಸ್ತೀನಿ, ಅದು ಬೇರೆ ಮಾತು. ಯಾರಾದರೂ ಒಂದು ಕ್ರಿಯಾಪದ ಹಿಡಿದು ಮೂರೂ ಕಾಲದಲ್ಲಿ ಹೇಳಿ ನೋಡೋಣ.”

ಟೀಚರ್ ಮುಖ ಬಾಡಿದ್ದು ಕಂಡು ಹೆಂಗಸರ ನಡುವೆ ಕೂತಿದ್ದ ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

“ಲಾಸ್ಟ್ ಇಯರ್ ಸಾಹೇಬ್ ಪ್ರಾಮಿಸ್ಡ್ ಬುಕ್ಸ್.”

ಸಾಹೇಬರು ತಲೆಯಾಡಿಸಿದರು.

“ಟುಡೇ ಸಾಹೇಬ್ ಈಸ್ ಪ್ರಾಮಿಸಿಂಗ್ ಬುಕ್ಸ್.”

ಆಡುತ್ತಿದ್ದ ತಲೆ ನಿಂತಿತು.

“ನೆಕ್ಸ್ಟ್ ಇಯರ್ ಸಾಹೇಬ್ ವಿಲ್ ಪ್ರಾಮಿಸ್ ಬುಕ್ಸ್.”

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಸಾಹೇಬರ ಕಿವಿ ಕೆಂಪಾಯಿತು. ಹೇಗಾದರೂ ಮಾಡಿ ಅವಳನ್ನು ಸಿಕ್ಕಿಸಬೇಕೆಂದು ಕೇಳಿದರು:

“ಪರ್ಫೆಕ್ಟ್ ಟೆನ್ಸ್ ಯಾಕೆ ಬಿಟ್ಟಿ?”

“ಅದು ಮಾಡಿ ಮುಗಿಸಿದ ಕೆಲಸಕ್ಕ ಅಂತ ಟೀಚರ್ ಕಲಿಸ್ಯಾರ್ರಿ. ನಿಮ್ಮ ಪುಸ್ತಕ ಬರಲಿ, ಹೇಳ್ತೀನಿ.”

ಈಗ ಸಾಹೇಬರಿಗೇ ನಗು ತಡೆಯಲಾಗಲಿಲ್ಲ. ಕ್ಲಾಸು ಉಳಿಯಿತು. ಮರುವಾರ ಪುಸ್ತಕದ ಗಂಟು ಹೊತ್ತುಕೊಂಡು ಅವರೇ ಕ್ಲಾಸಿನ ಮೆಟ್ಟಿಲು ಹತ್ತಿ ಬಂದರು.