ಗಿಡ್ಡ ಮರದ ಹಳದಿ ಎಲೆ

"ಗುರುಗಳೇ, ಅಣ್ಣನಿಗೆ ಇನ್ನೇನು ಹೇಳಲಿ?" ಎಂದು ಶಿಷ್ಯ ಮುರಿಗಯ್ಯ ಕೇಳಿದ.

ಅತ್ತಿಗೆ ತೀರಿಕೊಂಡಂದಿನಿಂದ ಅವನ ಅಣ್ಣ ಸರಿಯಾಗಿ ಉಣ್ಣುತ್ತಿರಲಿಲ್ಲ. ಮುರಿಗಯ್ಯ ದಿನಾ ಹೋಗಿ ಧೈರ್ಯ ಹೇಳುತ್ತಿದ್ದ. ದೇವರ ಇಚ್ಛೆ ಎಂದ, ಮಕ್ಕಳ ಮುಖ ನೋಡಿ ಗಟ್ಟಿಯಾಗು ಎಂದ, ಪುರಾಣ ಓದಿ ಅರ್ಥ ಬಿಡಿಸಿದ. ಅಣ್ಣ ಮಾತ್ರ ಸೊರಗುತ್ತಲೇ ಇದ್ದ. "ಅವನೂ ಕೈತಪ್ಪಿ ಹೋಗುತ್ತಾನೇನೋ ಎಂದು ಹೆದರಿಕೆಯಾಗುತ್ತದೆ" ಎಂದ ಮುರಿಗಯ್ಯ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಆಳವಿಲ್ಲದ ಕುಂಡದಲ್ಲಿ ಎಲ್ಮ್ ಎಂಬ ಜಾತಿಯ ಒಂದು ಗಿಡ್ಡ ಮರ ಬೆಳೆಸಿದ್ದ. ಬೋನ್ಸಾಯ್ ಎನ್ನುತ್ತಾರಲ್ಲ, ಅದು. ಮೊಳದುದ್ದದ ಮರ, ಅದರ ಮೇಲೆ ಅವನ ಜೀವವೆಲ್ಲ. ಯಾತ್ರೆಗೆ ಹೊರಡುವಾಗ ಅದನ್ನು ಗೆಳೆಯನಾದ ಒಬ್ಬ ವರ್ತಕನ ಕೈಗಿಟ್ಟು "ಜೋಪಾನ" ಎಂದ.

ವರ್ತಕ ಒಳ್ಳೆಯವನು. ಮರವನ್ನು ಮಗುವಿನಂತೆ ನೋಡಿಕೊಂಡ. ಒಂದು ಬೆಳಿಗ್ಗೆ ಎಲೆಯೊಂದು ಹಳದಿಯಾಗಿತ್ತು. ಅಯ್ಯೋ ಪಾಪ, ಬಾಯಾರಿರಬೇಕು ಎಂದುಕೊಂಡು ನೀರೆರೆದ. ಮರುದಿನ ಇನ್ನಷ್ಟು ಎಲೆ ಹಳದಿಯಾದವು. ಇನ್ನಷ್ಟು ನೀರೆರೆದ. ಎಲೆ ಉದುರತೊಡಗಿದ ಮೇಲಂತೂ ಅಂಗಡಿಯನ್ನೂ ಬಿಟ್ಟು, ತಂಬಿಗೆ ಹಿಡಿದು ಕುಂಡದ ಪಕ್ಕದಲ್ಲೇ ಕೂತ.

ತೋಟಗಾರ ಮರಳಿದಾಗ ಬರೀ ಕೊಂಬೆ ಉಳಿದಿದ್ದವು. ವರ್ತಕ ಅತ್ತುಬಿಟ್ಟ. "ನಾನು ಉಣ್ಣುವ ಮೊದಲು ಇದಕ್ಕೆ ಕುಡಿಸಿದ್ದೇನೆ ಮಾರಾಯ, ಒಂದು ದಿನವೂ ತಪ್ಪಿಸಲಿಲ್ಲ!"

ತೋಟಗಾರ ಬೈಯಲಿಲ್ಲ. ವರ್ತಕನ ಬೆರಳು ಹಿಡಿದು ಕುಂಡದ ಮಣ್ಣಿನೊಳಗೆ ಒತ್ತಿದ. ಮಣ್ಣು ಕೆಸರಾಗಿತ್ತು, ನಾತ ಬಂತು.

"ನೀರು ಸಾಲದಿದ್ದರೂ ಎಲೆ ಹಳದಿಯಾಗುತ್ತದೆ, ಹೆಚ್ಚಾದರೂ ಆಗುತ್ತದೆ. ಎರೆಯುವ ಮುಂಚೆ ಹೀಗೊಮ್ಮೆ ಬೆರಳಿಟ್ಟು ನೋಡಿದ್ದರೆ ಸಾಕಿತ್ತು" ಎಂದ. ಆಮೇಲೆ ಕೊಳೆತ ಬೇರು ಕತ್ತರಿಸಿ, ಮರವನ್ನು ಹೊಸ ಮಣ್ಣಿಗಿಳಿಸಿ, ನೆರಳಿನಲ್ಲಿಟ್ಟು ಸುಮ್ಮನೆ ಕಾದ.

"ಮರ ಬದುಕಿತೇ?" ಮುರಿಗಯ್ಯ ತಡೆಯಲಾರದೆ ಕೇಳಿದ.

"ಬದುಕಿತು. ತೊಗಟೆಯ ಒಳಗೆ ಇನ್ನೂ ಹಸಿರಿತ್ತು."

ಮುರಿಗಯ್ಯನ ಮುಖ ಅರಳಿತು. ದಡಬಡನೆ ಎದ್ದ. "ಎಂಥ ಕತೆ, ಗುರುಗಳೇ! ಈಗಲೇ ಹೋಗಿ ಅಣ್ಣನಿಗೆ ಹೇಳಿಬಿಡುತ್ತೇನೆ."

ಗುರುಗಳು ಅವನ ಕೈ ಹಿಡಿದು ನಿಲ್ಲಿಸಿದರು.

"ನೀನು ಅಣ್ಣನಿಗೆ ಹೇಳಿದ್ದನ್ನೆಲ್ಲ ನನಗೆ ಹೇಳಿದೆಯಪ್ಪಾ, ಅಣ್ಣ ನಿನಗೆ ಏನು ಹೇಳಿದ?"

ಮುರಿಗಯ್ಯ ಬಾಯಿ ತೆರೆದ. ಅಣ್ಣನ ಒಂದು ಮಾತೂ ನೆನಪಿಗೆ ಬರಲಿಲ್ಲ.