ಮಬ್ಬು ಕಟ್ಟಿದ ಗಾಜು

“ಗುರುಗಳೇ, ಮನೆ ಬಿಟ್ಟು ಮೂರು ವರ್ಷವಾಯಿತು. ಧ್ಯಾನಕ್ಕೆ ಕೂತರೆ ಇವತ್ತಿಗೂ ತಂಗಿಯ ನೆನಪಾಗಿ ಮನಸ್ಸು ಮಬ್ಬಾಗುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ನಾನು ಈ ದಾರಿಗೆ ಲಾಯಕ್ಕಲ್ಲವೇ?” ಎಂದು ಕೇಳಿದ ಶಿಷ್ಯ ದೇವಲಿಂಗ. ಹೌದೆಂದರೆ ಹೊರಟೇಬಿಡುವವನಂತೆ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಗುರುಗಳು ಗಂಟನ್ನು ನೋಡಿ ನಕ್ಕರು. “ಹೋಗುವವನು ಹೋಗುವಿಯಂತೆ. ಮೊದಲು ಒಂದು ಕತೆ ಕೇಳು” ಎಂದರು.

ಬೆಟ್ಟದ ಮೇಲೊಂದು ಪೇಟೆ. ಚಳಿಗಾಲ ಬಂತೆಂದರೆ ಅಲ್ಲಿ ದಿನವೂ ಹಿಮ ಸುರಿಯುತ್ತಿತ್ತು. ಬೆಳಗಾಗುವ ಹೊತ್ತಿಗೆ ಅಂಗಡಿಗಳ ಮುಂದಿನ ಗಾಜಿಗೆಲ್ಲ ಹಿಮ ಮೆತ್ತಿ ಒಳಗೇನಿದೆ ಎಂದೇ ತಿಳಿಯುತ್ತಿರಲಿಲ್ಲ. ಅದನ್ನು ಕೆರೆದು ಒರೆಸುವ ಆಳೊಬ್ಬನಿದ್ದ. ಬಿಸಿನೀರು ಎರಚೋಣವೆಂದರೆ ತಣ್ಣನೆಯ ಗಾಜು ಚಟ್ಟನೆ ಬಿರಿಯುತ್ತದೆ. ಹಾಗಾಗಿ ಉಪ್ಪು ಬೆರೆಸಿದ ತಣ್ಣೀರಿಗೇ ಕೈ ಅದ್ದಬೇಕು. ಬೆರಳು ಮರಗಟ್ಟಿದರೂ ಅವನಿಗೆ ಬೇಸರವಿಲ್ಲ. ಅಲ್ಲಿ ಗಾಜಿದೆಯೋ ಇಲ್ಲವೋ ಎಂದು ಜನ ಮುಟ್ಟಿ ನೋಡಬೇಕು, ಅಂಥ ಹಟ ಅವನದು.

ಆ ಹಟಕ್ಕೆ ಮಣ್ಣು ಹಾಕುತ್ತಿದ್ದವಳು ಒಬ್ಬ ಮುದುಕಿ. ಹಿಂದೆ ಮುಂದೆ ಯಾರೂ ಇಲ್ಲದ ಜೀವ. ಉಣ್ಣೆ ಟೋಪಿ ಮಾರುತ್ತ ಅಂಗಡಿಯಲ್ಲೇ ಇರುತ್ತಿದ್ದಳು. ಎದ್ದವಳೇ ಒಲೆ ಹೊತ್ತಿಸಿ ಚಹಾಕ್ಕಿಡುವಳು. ನಡುಗುತ್ತ ಬಂದವರಿಗೆ ಮೊದಲು ಚಹಾ, ಆಮೇಲೆ ವ್ಯಾಪಾರ. ಆ ಹಬೆಗೆ ಗಾಜಿನ ಒಳಗಡೆ ಮಬ್ಬು ಕಟ್ಟುತ್ತಿತ್ತು. ಅವನು ಒಳಗೆ ಹೋಗಿ ಒರೆಸಿ ಹೊರಬರುವಷ್ಟರಲ್ಲಿ ಮತ್ತೆ ಮಬ್ಬು.

“ಏನಜ್ಜೀ, ನಿನ್ನ ಒಲೆಗೂ ನನಗೂ ಯಾವ ಜನ್ಮದ ಹಗೆ? ಇಡೀ ಬೀದಿಯಲ್ಲಿ ನಿನ್ನ ಗಾಜೊಂದೇ ನನ್ನ ಮಾನ ಕಳೆಯುತ್ತದೆ!” ಎಂದು ಅವನು ರೇಗುವನು.

“ಬೈಯುವುದಾದರೆ ಕೂತು ಬೈಯೋ ಮಾರಾಯ. ಮೊದಲು ಈ ಚಹಾ ಕುಡಿ. ಕೈ ನೋಡು, ಹೇಗೆ ನೀಲಿಗಟ್ಟಿದೆ” ಎನ್ನುವಳು ಮುದುಕಿ.

ಕುಡಿಯುವನು. ಕುಡಿದು ಮತ್ತೆ ಬೈಯುವನು. ಹೀಗೇ ಎಷ್ಟೋ ಚಳಿಗಾಲ ಕಳೆದವು.

ಒಂದು ಬೆಳಗ್ಗೆ ಅವನು ಮುದುಕಿಯ ಅಂಗಡಿಯ ಗಾಜಿನಿಂದ ಹಿಮ ಕೆರೆದ. ಗಾಜು ತಿಳಿನೀರಿನಂತಿತ್ತು. ಒಳಗೆ ನೇತುಹಾಕಿದ ಟೋಪಿಗಳ ಎಳೆ ಎಳೆಯೂ ಕಾಣುತ್ತಿತ್ತು. ‘ಅಬ್ಬಾ, ಕೊನೆಗೂ ಗೆದ್ದೆ!’ ಎಂದು ಹಿಗ್ಗಿದ. ಎರಡು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿ ಮುಂದಿನ ಅಂಗಡಿಗೆ ನಡೆದ. ಅಲ್ಲಿ ಬಟ್ಟೆ ಹಿಂಡುವಾಗ ಬೆರಳು ನೋಯಿತು, ಚಹಾ ನೆನಪಾಯಿತು. ಮಬ್ಬಿಲ್ಲ ಅಂದರೆ ಒಲೆ ಉರಿಯುತ್ತಿಲ್ಲ. ಒಲೆ ಉರಿಯುತ್ತಿಲ್ಲ ಅಂದರೆ ಅಜ್ಜಿ?

ಬಕೀಟನ್ನು ಅಲ್ಲೇ ಬಿಟ್ಟು ಓಡಿದ. ಭುಜ ಕೊಟ್ಟು ಬಾಗಿಲು ನೂಕಿ ಒಳನುಗ್ಗಿದ. ಆರಿದ ಒಲೆಯ ಪಕ್ಕದಲ್ಲಿ ಮುದುಕಿ ಬಿದ್ದಿದ್ದಳು. ಮೈ ತಣ್ಣಗಾಗಿತ್ತು, ಉಸಿರು ಇದ್ದೂ ಇಲ್ಲದಂತಿತ್ತು. ಅವನು ಒಲೆ ಹೊತ್ತಿಸಿ ನೀರಿಟ್ಟ. ಮಾರಲಿಟ್ಟ ಟೋಪಿಗಳನ್ನೆಲ್ಲ ಎಳೆದು ತಂದು ಅವಳ ತಲೆಗೆ, ಕೈಗೆ, ಕಾಲಿಗೆ ತೊಡಿಸಿದ. ಆಮೇಲೆ ಗಾಜಿನ ಕಡೆ ತಿರುಗಿ, “ಕಟ್ಟು, ಮಬ್ಬು ಕಟ್ಟು” ಎಂದು ಅಳುತ್ತ ಬೇಡಿಕೊಂಡ.

ಮೂಲೆಯಿಂದ ಮೆಲ್ಲಗೆ ಮಬ್ಬು ಕಟ್ಟತೊಡಗಿತು. ಅದು ಗಾಜನ್ನೆಲ್ಲ ತುಂಬುವ ಹೊತ್ತಿಗೆ ಮುದುಕಿ ಕಣ್ಣು ಬಿಟ್ಟಳು. “ಅಯ್ಯೋ, ಮತ್ತೆ ನಿನ್ನ ಕೆಲಸ ಕೆಡಿಸಿದೆನಲ್ಲೋ” ಎಂದಳು.

“ಕೆಡಲಿ ಬಿಡಜ್ಜೀ, ದಿನಾ ಕೆಡಲಿ” ಎಂದ ಅವನು.

ಅಂದಿನಿಂದ ಅವನು ಬೀದಿಗೆ ಬಂದರೆ ಮೊದಲು ಆ ಗಾಜಿನ ಹಿಮವನ್ನೇ ಕೆರೆಯುತ್ತಿದ್ದ. ಒಳಗೆ ಮಬ್ಬು ಕಂಡ ಮೇಲೆಯೇ ಉಳಿದ ಅಂಗಡಿಗಳ ಕೆಲಸ.

ಗುರುಗಳು ಕತೆ ಮುಗಿಸಿ, ದೇವಲಿಂಗನ ತೊಡೆಯ ಮೇಲಿದ್ದ ಗಂಟನ್ನು ಎತ್ತಿ ಪಕ್ಕಕ್ಕಿಟ್ಟರು.

“ತಂಗಿಯ ನೆನಪಿಗೆ ಮನಸ್ಸು ಮಬ್ಬಾಗದ ದಿನ ಹೇಳಿ ಕಳುಹಿಸು ಮಗು, ಆ ದಿನ ನಾನೂ ಬಕೀಟು ಬಿಟ್ಟು ಓಡಿ ಬರುತ್ತೇನೆ.”

ದೇವಲಿಂಗ ಗಂಟನ್ನು ಹತ್ತಿರಕ್ಕೆಳೆದು ಬಿಚ್ಚತೊಡಗಿದ.