ಶಾಲು ಹೊದ್ದ ಕಂಪ್ಯೂಟರು

ಮಲಪ್ರಭೆಯ ದಂಡೆಯಲ್ಲಿ ಒಂದು ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಪೂಜೆ, ಪಾಠ, ದಾಸೋಹ ಮುಗಿದ ಮೇಲೆ ಯಾರು ಏನು ಆಡಿದರೂ ಅಲ್ಲಿ ಅಡ್ಡಿಯಿರಲಿಲ್ಲ. ಪಗಡೆಗೆ ಕೂತರೆ ಅಜ್ಜಾರೇ ಕಣ್ತಪ್ಪಿಸಿ ಕಾಯಿ ಸರಿಸುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಹಿಡಿದವರು ಮಾತ್ರ ಯಾರೂ ಇಲ್ಲ.

ಅವರ ಶಿಷ್ಯ ಪರ್ವತೇಶನ ಹತ್ತಿರ ಆಟದ ಕಂಪ್ಯೂಟರೊಂದಿತ್ತು. ಒಂದೊಂದೇ ಭಾಗ ತಂದು ತಾನೇ ಕೈಯಾರೆ ಜೋಡಿಸಿದ್ದು. ಮಠ ಸೇರುವಾಗ ಅದನ್ನೂ ತರಲೇ ಎಂದು ಅಳುಕುತ್ತಲೇ ಕೇಳಿದ್ದ.

“ತಗೊಂಡ ಬಾ,” ಎಂದಿದ್ದರು ಅಜ್ಜಾರು. “ಬಿಟ್ಟ ಬಂದ್ರ ಕಣ್ಣ ಮುಚ್ಚಿದಾಗೆಲ್ಲಾ ಅದರ ಧ್ಯಾನಾನ ಮಾಡ್ತಿ.”

ಭಾನುವಾರ ಸಂಜೆ ಪರ್ವತೇಶ ಹಳೆಯ ಗೆಳೆಯರ ಜೊತೆ ಕಂಪ್ಯೂಟರಿನಲ್ಲಿ ಕಾರಿನ ರೇಸು ಆಡುತ್ತಿದ್ದ. ಒಬ್ಬೊಬ್ಬರು ಒಂದೊಂದು ಊರಲ್ಲಿ, ಆದರೂ ಎಲ್ಲರದೂ ಒಂದೇ ತಂಡ. ವಾರದಲ್ಲಿ ಅವರ ದನಿ ಕಿವಿಗೆ ಬೀಳುತ್ತಿದ್ದುದು ಅದೊಂದೇ ಹೊತ್ತು. ಆ ಹೊತ್ತಿಗಾಗಿ ಅವನ ಜೀವ ಕಾಯುತ್ತಿತ್ತು.

ಬೇಸಿಗೆ ಬಂದದ್ದೇ ತಡ, ಕಂಪ್ಯೂಟರು ಹಟ ಹಿಡಿಯಿತು. ರೇಸಿಗೆ ರಂಗು ಬರುವಷ್ಟರಲ್ಲಿ ಚಿತ್ರ ತಡವರಿಸುವುದು, ಕಾರು ಹೋಗಿ ತಗ್ಗಿಗೆ ಬೀಳುವುದು. ಕೊನೆಗೆ ತಂಡದ ಮುಂದಾಳು ಚನ್ನವೀರ ಹೇಳಿಯೇಬಿಟ್ಟ.

“ಬರೂ ಭಾನುವಾರ ಒಂದ ನೋಡ್ತೀವಪಾ. ಮತ್ತ ಹಿಂಗಾದ್ರ ನಿನ್ನ ಜಾಗಾಕ್ಕ ಬ್ಯಾರೆದವರನ್ನ ತಗೋತೀವಿ. ಬ್ಯಾಸರಾ ಮಾಡ್ಕೋಬ್ಯಾಡ.”

ಮರುದಿನ ಪರ್ವತೇಶ ಅಜ್ಜಾರ ಮುಂದೆ ಹೋಗಿ ಕೂತ.

“ಅಜ್ಜಾರ, ಕಂಪ್ಯೂಟರಿಗೆ ಹೊಸಾ ಪ್ರೊಸೆಸರ್ ಹಾಕ್ಲ್ಯೋ, ಇಲ್ಲಾ ಇದ್ದದ್ದನ್ನ ಓವರ್‌ಕ್ಲಾಕ್ ಮಾಡ್ಲ್ಯೋ? ನೀವ ಹೇಳ್ರಿ.”

“ಪ್ರೊಸೆಸರ್ ಅಂದ್ರ?”

“ಅದರ ಮಿದುಳು ಇದ್ದಂಗ್ರಿ.”

“ಇನ್ನೊಂದ ಏನಂದಿ?”

“ಓವರ್‌ಕ್ಲಾಕ್. ಮಾಡಿದವರು ಗೊತ್ತ ಮಾಡಿದ ವೇಗಕ್ಕಿಂತ ಜೋರ ಓಡಸೂದ್ರಿ.”

“ಹಂಗ ಓಡಿಸಿದ್ರ ಅದು ಏನಂತೈತಿ?”

“ಏನೂ ಅನ್ನಂಗಿಲ್ರಿ. ಬಿಸಿ ಆಗ್ತೈತಿ, ಅಷ್ಟ.”

“ಇನ್ನ ಹೆಂಗ ಹೇಳಬೇಕೋ ತಮ್ಮಾ ಅದು?” ಎಂದು ಅಜ್ಜಾರು ಎದ್ದರು. “ನಡಿ, ತೋರಸು.”

ಕೋಣೆಯಲ್ಲಿ ಕಂಪ್ಯೂಟರಿನ ಡಬ್ಬಿ ಶಾಲು ಹೊದ್ದು ದೊಡ್ಡಸ್ತಿಕೆಯಿಂದ ಕೂತಿತ್ತು. ಭಕ್ತರು ತಮಗೆ ಹೊದಿಸಿದ ಶಾಲುಗಳನ್ನು ಅಜ್ಜಾರು ಶಿಷ್ಯರಿಗೆ ಕೊಟ್ಟುಬಿಡುತ್ತಿದ್ದರು. ಗುರುಗಳ ಹೆಗಲ ಮೇಲಿದ್ದ ಶಾಲನ್ನು ತಾನು ಹೊದೆಯುವುದು ಹೇಗೆಂದು ಪರ್ವತೇಶ ತನ್ನ ಪಾಲಿನವನ್ನೆಲ್ಲ ಪ್ರೀತಿಯ ಕಂಪ್ಯೂಟರಿಗೆ ಹೊದಿಸಿದ್ದ. ಧೂಳೂ ಕೂರುವುದಿಲ್ಲ, ಆಶೀರ್ವಾದವೂ ಸಿಗುತ್ತದೆ. ಈ ಬೇಸಿಗೆಯ ಮದುವೆಗಳಲ್ಲಿ ಶಾಲುಗಳು ಸಾಲುಸಾಲಾಗಿ ಬಂದು, ಡಬ್ಬಿಯ ಗಾಳಿಕಿಂಡಿ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

ಅಜ್ಜಾರಿಗೆ ಗಡ್ಡದೊಳಗೇ ನಗು ಬಂತು. ಒಂದೊಂದಾಗಿ ಶಾಲು ತೆಗೆದು ಪರ್ವತೇಶನಿಗೆ ಹೊದಿಸಿದರು. ಒಂದು, ಅದರ ಮೇಲೊಂದು, ತಲೆಗೂ ಒಂದು.

“ಈಗ ಹೊಳಿತನಕಾ ಓಡು.”

ನೆತ್ತಿ ಸುಡುವ ಬಿಸಿಲು. ಆದರೆ ಹೇಳಿದವರು ಗುರುಗಳು. ಪರ್ವತೇಶ ಓಡಿದ. ಬೇವಿನ ಮರ ದಾಟುವಷ್ಟರಲ್ಲಿ ಬೆವರು ಕಣ್ಣಿಗಿಳಿದು ಉಸಿರು ಕಟ್ಟಿತು. ಕಾಲು ತಾವಾಗಿಯೇ ನಿಧಾನವಾದವು.

ಅಜ್ಜಾರು ಕೊಡೆ ಹಿಡಿದು ಆರಾಮಾಗಿ ಹಿಂದೆ ಬಂದರು.

“ಯಾಕೋ, ತಡವರಸಾಕತ್ತಿ?”

“ಆಗವಲ್ದ್ರಿ ಅಜ್ಜಾರ!”

“ಹಂಗಾರ ನಿನ್ನ ಬದ್ಲಿ ಹೊಸಾ ಶಿಷ್ಯನ್ನ ತರಸ್ಲ್ಯೋ, ಇಲ್ಲಾ ಬಾರಕೋಲ ತಗೊಂಡ ನಿನ್ನ ಇನ್ನಷ್ಟ ಜೋರ ಓಡಸ್ಲ್ಯೋ? ನೀನ ಹೇಳು.”

“ಎರಡೂ ಬ್ಯಾಡ್ರಿ! ಮದ್ಲ ಈ ಶಾಲು ತಗೀರಿ!”

ಅಂದವನು ನಿಂತಲ್ಲೇ ನಿಂತ. ತೆರೆದ ಬಾಯಿ ತೆರೆದೇ ಇತ್ತು. ಆಮೇಲೆ ನಗು ಉಕ್ಕಿತು, ಹೊಟ್ಟೆ ಹಿಡಿದುಕೊಂಡು ನಗುವಂಥ ನಗು. ಅಜ್ಜಾರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪರ್ವತೇಶ ಶಾಲುಗಳನ್ನು ಅವರ ಕೈಗೆ ಕೊಟ್ಟವನೇ ಓಡಿಹೋಗಿ ಹೊಳೆಗೆ ಧುಮುಕಿದ.

ಮೈ ಒರೆಸಿಕೊಂಡು ಬಂದು ಡಬ್ಬಿ ಬಿಚ್ಚಿದ. ಫ್ಯಾನಿಗೆ ಸುತ್ತಿಕೊಂಡಿದ್ದ ಜರಿಯ ಎಳೆಗಳನ್ನು ಬಿಡಿಸಿ, ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟ. ಶಾಲುಗಳು ದಾಸೋಹದ ಮನೆಯಲ್ಲಿ ಮಲಗುವ ಯಾತ್ರಿಕರ ಪಾಲಾದವು.

ಭಾನುವಾರ ಬಂತು. ರೇಸು ಎಷ್ಟು ಬಿರುಸಾದರೂ ಚಿತ್ರ ಒಮ್ಮೆಯೂ ತಡವರಿಸಲಿಲ್ಲ. ಪರ್ವತೇಶನ ಖುಷಿಗೆ ಮಿತಿಯೇ ಇರಲಿಲ್ಲ. ಆ ಖುಷಿಯಲ್ಲೇ, ಹಿಂದೆ ಮುಂದೆ ಯಾರೂ ಇಲ್ಲದ ನೆಟ್ಟನೆಯ ರಸ್ತೆಯಲ್ಲಿ, ಕಾರನ್ನು ಒಯ್ದು ತಗ್ಗಿಗೆ ಕೆಡವಿದ.

“ಮತ್ತ ಏನಾತೋ?” ಎಂದರು ಆಚೆ ಕಡೆಯಿಂದ ಗೆಳೆಯರು. ಕಂಪ್ಯೂಟರು ಕೈಕೊಟ್ಟಿತು ಎಂದುಬಿಟ್ಟರೆ ನಂಬುತ್ತಿದ್ದರೋ ಏನೋ, ಆದರೆ ಜಾಗ ಹೋಗುತ್ತಿತ್ತು. ಆ ಸುಳ್ಳಾಗಲಿ ಆ ಲೆಕ್ಕವಾಗಲಿ ಪರ್ವತೇಶನ ತಲೆಗೇ ಬರಲಿಲ್ಲ.

“ಯಂತ್ರ ಛಲೋ ಐತ್ರೋ,” ಎಂದ. “ಬಿದ್ದಾಂವ ನಾನ.”

ಚನ್ನವೀರ ಗಹಗಹಿಸಿ ನಕ್ಕ. “ಗೊತ್ತೈತಲೇ! ಮದ್ಲಿಂದಾನೂ ನೀ ಹಂಗ ಆಡಾಂವ. ಯಂತ್ರ ರಿಪೇರಿ ಆತಲ್ಲ, ನಿನ್ನ ನಾವ ರಿಪೇರಿ ಮಾಡ್ತೀವಿ. ಬರೂ ವಾರ ತಪ್ಪಸಬ್ಯಾಡ.”

ಅಜ್ಜಾರು ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತಾ ಕೂತಿದ್ದರು. ಪರ್ವತೇಶ ಏದುಸಿರು ಬಿಡುತ್ತಾ ಬಂದು ನಿಂತ. ಮುಖದ ತುಂಬ ನಗು.

“ಅಜ್ಜಾರ, ಯಂತ್ರ ಒಮ್ಮೀನೂ ತಡವರಸ್ಲಿಲ್ರಿ. ಖಾಲಿ ರಸ್ತೆದಾಗ ನಾನ ಹೋಗಿ ತಗ್ಗಿನ್ಯಾಗ ಬಿದ್ದೆ. ಎಲ್ಲಾರಿಗಿಂತ ಕಡೀಕ ಬಂದ್ನಿ!”

ಅಜ್ಜಾರು ಲೋಟ ಕೆಳಗಿಟ್ಟು ಅವನ ಬೆನ್ನು ತಟ್ಟಿದರು.

“ಭೇಷ್! ಇವತ್ತ ನೋಡು, ಖರೇನ ನೀ ಆಡಿದಿ.”